ಕದನ ಗೆದ್ದ, ಕದನ ತಡೆದ ಜನರಲ್ ತಿಮ್ಮಯ್ಯ

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1965ರ ಡಿಸೆಂಬರ್ 18ರಂದು ಸೈಪ್ರಸ್ ದ್ವೀಪದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 59 ವರ್ಷ. ಭಾರತದ ಭೂಸೇನೆಯ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾಗಿ ನಾಲ್ಕೂವರೆ ವರ್ಷ ಕಳೆದಿತ್ತು. ಕೊಡಗಿನ ಕಾಫಿ ತೋಟದಲ್ಲಿ ನೆಮ್ಮದಿಯಾಗಿ ಇರಬೇಕಾದ ವಯಸ್ಸಿನಲ್ಲಿ ಅವರು ವಿಶ್ವಸಂಸ್ಥೆಯ ಕರೆಗೆ ಓಗೊಟ್ಟು, ಗ್ರೀಕ್ ಮತ್ತು ತುರ್ಕಿ ಮೂಲದ ಜನ ಪರಸ್ಪರ ಬಂದೂಕು ಹಿಡಿದು ನಿಂತಿದ್ದ ನಾಡಿಗೆ ಹೋಗಿದ್ದರು. ಅವರ ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ಅಂತ್ಯಕ್ರಿಯೆ ನಡೆಸಲಾಯಿತು. ಮರುವರ್ಷ, 1966ರಲ್ಲಿ, ಸೈಪ್ರಸ್ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ತನ್ನವನಲ್ಲದ ಒಬ್ಬ ಸೇನಾನಿಗೆ ಒಂದು ಪುಟ್ಟ ದೇಶ ಹೀಗೆ ಗೌರವ ಸಲ್ಲಿಸುವುದು ಅಪರೂಪ. ಆ ಗೌರವ ಎಲ್ಲಿಂದ ಬಂತು ಎಂಬುದು ತಿಳಿಯಬೇಕಾದರೆ ತಿಮ್ಮಯ್ಯನವರ ಬದುಕನ್ನು ಮೊದಲಿನಿಂದ ನೋಡಬೇಕು.

ಅವರು ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕೊಡಗು ಆಗ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯ. ಕೊಡಂದೇರ ಕುಟುಂಬದವರು ಕಾಫಿ ಬೆಳೆಗಾರರು. ತಾಯಿ ಸೀತಮ್ಮ ಸಮಾಜಸೇವೆಗಾಗಿ ಕೈಸರ್-ಇ-ಹಿಂದ್ ಪದಕ ಪಡೆದವರು. ಮನೆಯ ಮೂವರು ಗಂಡುಮಕ್ಕಳೂ ಸೈನ್ಯದ ಅಧಿಕಾರಿಗಳಾದರು. ಬಾಲಕನಿಗೆ ಎಂಟು ವರ್ಷವಾದಾಗ ಕೂನೂರಿನ ಸೇಂಟ್ ಜೋಸೆಫ್ಸ್ ಶಾಲೆ, ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಮುಂದೆ ಡೆಹರಾಡೂನಿನಲ್ಲಿ 1922ರಲ್ಲಿ ಹೊಸದಾಗಿ ತೆರೆದಿದ್ದ ಸೈನಿಕ ಕಾಲೇಜು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನ ರಾಯಲ್ ಮಿಲಿಟರಿ ಕಾಲೇಜಿಗೆ ಆಯ್ಕೆಯಾದ ಬೆರಳೆಣಿಕೆಯ ಭಾರತೀಯ ತರುಣರಲ್ಲಿ ತಿಮ್ಮಯ್ಯ ಒಬ್ಬರು. 1926ರ ಫೆಬ್ರವರಿಯಲ್ಲಿ ಅವರಿಗೆ ಅಧಿಕಾರಿ ಪದವಿ ದೊರೆಯಿತು. ಸೈನ್ಯದ ಗೆಳೆಯರೆಲ್ಲ ಅವರನ್ನು ಕರೆದದ್ದು ‘ಟಿಮ್ಮಿ’ ಎಂದು. ಆ ಹೆಸರು ಕಡೆಯವರೆಗೂ ಉಳಿಯಿತು.

ಆ ಕಾಲದಲ್ಲಿ ಭಾರತೀಯನೊಬ್ಬ ಅಧಿಕಾರಿಯಾಗಿ ಬಂದರೆ ಅವನಿಗೆ ಎಲ್ಲ ಪಲ್ಟಣಗಳ ಬಾಗಿಲೂ ತೆರೆಯುತ್ತಿರಲಿಲ್ಲ. 1923ರಲ್ಲಿ ಸರ್ಕಾರ ಎಂಟೇ ಎಂಟು ಪಡೆಗಳನ್ನು ಆರಿಸಿ, ಭಾರತೀಯ ಅಧಿಕಾರಿಗಳನ್ನು ಅವುಗಳಿಗೆ ಮಾತ್ರ ಕಳಿಸುವ ಯೋಜನೆ ಮಾಡಿತ್ತು. ಬಿಳಿಯ ಅಧಿಕಾರಿಯೊಬ್ಬ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬರಬಾರದು ಎಂಬುದೇ ಈ ಏರ್ಪಾಡಿನ ಒಳಗುಟ್ಟು. ಆ ಎಂಟರಲ್ಲಿ ಒಂದು 19ನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್. ತಿಮ್ಮಯ್ಯನವರು ಸೇರಿದ್ದು ಅದಕ್ಕೆ. ಎಂಟರಲ್ಲಿ ಇನ್ನೊಂದಾದ 7ನೇ ಲೈಟ್ ಕ್ಯಾವಲ್ರಿ ಮುಂದೆ ಅವರ ಬದುಕಿನ ಅತಿದೊಡ್ಡ ಕದನದಲ್ಲಿ ಜೊತೆಯಾಗುತ್ತದೆ.

ಈ ಹೈದರಾಬಾದ್ ರೆಜಿಮೆಂಟಿನ ಬೇರು ಇರುವುದು ಕಲಬುರಗಿ, ರಾಯಚೂರು ಸೀಮೆಯ ಇತಿಹಾಸದಲ್ಲಿ. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಓದುಗರಿಗೆ ಇದು ವಿಶೇಷವಾಗಿ ತಿಳಿದಿರಬೇಕಾದ ಸಂಗತಿ. 19ನೇ ಶತಮಾನದ ಆರಂಭದಲ್ಲಿ ಹೈದರಾಬಾದಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಹೆನ್ರಿ ರಸೆಲ್, ನಿಜಾಮನ ಖರ್ಚಿನಲ್ಲಿ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಒಂದು ಪಡೆ ಕಟ್ಟಿದ. ಅದೇ ಬೆಳೆದು ಹೈದರಾಬಾದ್ ಕಂಟಿಂಜೆಂಟ್ ಆಯಿತು. ಸಂಬಳ ಕೊಡುವವನು ನಿಜಾಮ, ಹುಕುಂ ಕೊಡುವವರು ಇಂಗ್ಲಿಷರು. ವರ್ಷ ವರ್ಷವೂ ಬಾಕಿ ಏರಿತು. ಕೊನೆಗೆ 1853ರ ಒಪ್ಪಂದದಲ್ಲಿ ಈ ಪಡೆಯ ಖರ್ಚಿಗಾಗಿ ವಿದರ್ಭದ ಬೇರಾರ್ ಪ್ರಾಂತ್ಯ, ಧಾರಾಶಿವ ಹಾಗೂ ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ದೋಆಬ್ ಇಂಗ್ಲಿಷರ ವಶಕ್ಕೆ ಹೋದವು. ಅಂದರೆ ಕನ್ನಡದ ರೈತರು ಕಟ್ಟಿದ ಕಂದಾಯ ಏಳು ವರ್ಷ ಈ ಪಡೆಯ ಸಂಬಳವಾಯಿತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಏರಿಬಂದ ಸೈನ್ಯದಲ್ಲಿಯೂ ಇದೇ ಕಂಟಿಂಜೆಂಟಿನ ತುಕಡಿಗಳಿದ್ದವು. 1860ರಲ್ಲಿ ರಾಯಚೂರು ಮತ್ತು ಧಾರಾಶಿವ ನಿಜಾಮನಿಗೆ ಮರಳಿದವು, ಬೇರಾರ್ ಮರಳಲಿಲ್ಲ.

1903ರಲ್ಲಿ ಕಂಟಿಂಜೆಂಟ್ ಭಾರತೀಯ ಸೇನೆಯಲ್ಲಿ ಕರಗಿತು. 1922ರ ಪುನರ್‌ರಚನೆಯಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಎಂಬ ಹೆಸರು ಬಂತು. ಅಷ್ಟರಲ್ಲಿ ಸಿಪಾಯಿಗಳು ಬಹುತೇಕ ಉತ್ತರ ಭಾರತದವರೇ ಆಗಿದ್ದರು: ಕುಮಾವೂನಿಗಳು, ಅಹೀರರು, ಜಾಟರು. ಹೆಸರಿನಲ್ಲಷ್ಟೇ ದಖ್ಖನ್ ಉಳಿದಿತ್ತು. 1945ರಲ್ಲಿ ಅದೂ ಹೋಗಿ ಪಲ್ಟಣಕ್ಕೆ ಕುಮಾವೂನ್ ರೆಜಿಮೆಂಟ್ ಎಂದು ಹೆಸರಾಯಿತು. ಸುರಪುರದ ದೊರೆಯ ವಿರುದ್ಧ ಬಂದಿದ್ದ ಪಡೆಯ ಪರಂಪರೆಯಲ್ಲೇ, ಮುಕ್ಕಾಲು ಶತಮಾನದ ಬಳಿಕ, ಕೊಡಗಿನ ಒಬ್ಬ ತರುಣ ಸ್ವತಂತ್ರ ಭಾರತದ ಸೇನಾನಿಯಾಗಿ ರೂಪುಗೊಂಡ. ಇತಿಹಾಸದಲ್ಲಿ ಸಂಸ್ಥೆಗಳು ಕೈ ಬದಲಾಯಿಸುವ ರೀತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಬಾಗ್ದಾದ್, ವಾಯವ್ಯ ಗಡಿನಾಡು, ಅಲಹಾಬಾದ್ ಹೀಗೆ ತಿಮ್ಮಯ್ಯನವರ ಆರಂಭದ ವರ್ಷಗಳು ಕಳೆದವು. ಸ್ವಾತಂತ್ರ್ಯ ಚಳವಳಿಯ ಬಿಸಿ ಏರುತ್ತಿದ್ದ ಕಾಲ ಅದು. ಬ್ರಿಟಿಷರ ಸಮವಸ್ತ್ರ ತೊಟ್ಟ ಭಾರತೀಯ ಅಧಿಕಾರಿಗಳ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ರಾಜೀನಾಮೆ ಕೊಟ್ಟುಬಿಡಲೇ ಎಂದು ಅಲಹಾಬಾದಿನಲ್ಲಿ ಮೋತಿಲಾಲ ನೆಹರೂ ಅವರನ್ನು ತಿಮ್ಮಯ್ಯ ಕೇಳಿದರೆಂದೂ, ಸ್ವಾತಂತ್ರ್ಯ ಬಂದ ದಿನ ದೇಶಕ್ಕೆ ತರಬೇತಾದ ಅಧಿಕಾರಿಗಳು ಬೇಕಾಗುತ್ತಾರೆ, ಸೇನೆಯಲ್ಲೇ ಇರು ಎಂಬ ಅರ್ಥದ ಉತ್ತರ ಸಿಕ್ಕಿತೆಂದೂ ಅವರ ಜೀವನಚರಿತ್ರೆ ಹೇಳುತ್ತದೆ. 1935ರಲ್ಲಿ ಅವರು ನೀನಾ ಕಾರ್ಯಪ್ಪ ಅವರನ್ನು ವಿವಾಹವಾದರು. ಅದೇ ವರ್ಷ ಮೇ ಕೊನೆಯಲ್ಲಿ ಕ್ವೆಟ್ಟಾ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ನೀನಾ ಮಾಡಿದ ಪರಿಹಾರ ಕಾರ್ಯಕ್ಕೆ ಕೈಸರ್-ಇ-ಹಿಂದ್ ಪದಕ ಸಂದಿತು. ಎರಡನೇ ಮಹಾಯುದ್ಧದಲ್ಲಿ ಮನೆಯೇ ಇಬ್ಭಾಗವಾಯಿತು. ಅಣ್ಣ ಪೊನ್ನಪ್ಪ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು, ತಿಮ್ಮಯ್ಯ ಬರ್ಮಾ ರಂಗದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಇಬ್ಬರ ಕಣ್ಣಮುಂದಿದ್ದದ್ದೂ ಸ್ವತಂತ್ರ ಭಾರತವೇ.

ಬರ್ಮಾದ ಅರಾಕಾನ್ ಕರಾವಳಿಯಲ್ಲಿ ತಿಮ್ಮಯ್ಯ ಹೈದರಾಬಾದ್ ರೆಜಿಮೆಂಟಿನ ಎಂಟನೇ ಬೆಟಾಲಿಯನ್ನಿನ ನಾಯಕರಾಗಿದ್ದರು. 1945ರ ಜನವರಿಯಲ್ಲಿ ಕಾಂಗಾವ್ ಎಂಬಲ್ಲಿ ಹಿಮ್ಮೆಟ್ಟುತ್ತಿದ್ದ ಜಪಾನಿ ಸೈನ್ಯದ ದಾರಿ ಕಟ್ಟುವ ಘೋರ ಕಾಳಗ ನಡೆಯಿತು. ಅಲ್ಲಿ ಕಾದಾಡಿದ 51ನೇ ಬ್ರಿಗೇಡಿನ ಮೂರೂ ಬೆಟಾಲಿಯನ್ನುಗಳ ನಾಯಕರು ಭಾರತೀಯರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಾತ್, ಎಲ್.ಪಿ. ಸೇನ್. ಮೂವರಿಗೂ ಡಿ.ಎಸ್.ಒ. (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಗೌರವ ಬಂತು. ಭಾರತೀಯರಿಗೆ ಹೋರಾಡಲು ಬರುತ್ತದೆ, ಮುನ್ನಡೆಸಲು ಬರುವುದಿಲ್ಲ ಎಂದು ತಲೆಮಾರುಗಳಿಂದ ಹೇಳುತ್ತ ಬಂದ ಮಾತಿಗೆ ಅಲ್ಲಿ ಉತ್ತರ ಸಿಕ್ಕಿತು. ಮುಂದೆ ಕಾಶ್ಮೀರದ ಬಡಗಾಮ್‌ನಲ್ಲಿ ಹುತಾತ್ಮರಾಗಿ ದೇಶದ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಅರಾಕಾನಿನಲ್ಲಿ ತಿಮ್ಮಯ್ಯನವರ ಬೆಟಾಲಿಯನ್ನಿನಲ್ಲಿದ್ದ ತರುಣ ಅಧಿಕಾರಿ. ಸ್ವಲ್ಪ ಕಾಲದಲ್ಲೇ ತಿಮ್ಮಯ್ಯನವರಿಗೆ ಬ್ರಿಗೇಡಿನ ನಾಯಕತ್ವ ದೊರೆಯಿತು. ಆ ಯುದ್ಧದಲ್ಲಿ ರಣರಂಗದ ಬ್ರಿಗೇಡ್ ನಡೆಸಿದ ಭಾರತೀಯ ಅವರೊಬ್ಬರೇ. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನೀಯರು ಶರಣಾದಾಗ ಅವರು ಭಾರತದ ಪ್ರತಿನಿಧಿಯಾಗಿ ಹಾಜರಿದ್ದರು. ಅನಂತರ ಜಪಾನಿಗೆ ಹೋದ ಭಾರತೀಯ ಬ್ರಿಗೇಡನ್ನೂ ನಡೆಸಿದರು.

ದೇಶ ಸ್ವತಂತ್ರವಾದಾಗ ಮೊದಲು ಎದುರಾದದ್ದು ಹೊರಗಿನ ಶತ್ರುವಲ್ಲ, ಪಂಜಾಬಿನ ವಿಭಜನೆಯ ರಕ್ತಪಾತ. ಮೇಜರ್ ಜನರಲ್ ಆಗಿ ಬಡ್ತಿ ಪಡೆದಿದ್ದ ತಿಮ್ಮಯ್ಯನವರ ಪಾಲಿಗೆ ಬಂದ ಕೆಲಸ ಎರಡೂ ಕಡೆಯಿಂದ ಬರುತ್ತಿದ್ದ ನಿರಾಶ್ರಿತರ ಸಾಲುಗಳನ್ನು ಜೀವಂತವಾಗಿ ಗಡಿ ದಾಟಿಸುವುದು. ದ್ವೇಷದಲ್ಲಿ ಕುರುಡಾದ ಜನರ ನಡುವೆ ನಿಂತು, ಯಾರ ಪಕ್ಷವನ್ನೂ ವಹಿಸದೆ, ಎಲ್ಲರ ಪ್ರಾಣ ಕಾಯುವ ಕೆಲಸದ ಮೊದಲ ಪಾಠ ಅವರಿಗೆ ಅಲ್ಲಿ ಆಯಿತು. ಕೊರಿಯಾ ಮತ್ತು ಸೈಪ್ರಸ್‌ನಲ್ಲಿ ಅದು ಉಪಯೋಗಕ್ಕೆ ಬಂತು.

1948ರ ಬೇಸಿಗೆಯಲ್ಲಿ ಅವರು, ಪಾಕಿಸ್ತಾನದೊಂದಿಗೆ ಯುದ್ಧ ನಡೆಯುತ್ತಿದ್ದ ಕಾಶ್ಮೀರದಲ್ಲಿ, 19ನೇ ಡಿವಿಷನ್ನಿನ ನಾಯಕರಾದರು. ಪಶ್ಚಿಮ ವಿಭಾಗದ ಇಡೀ ಸೇನೆಯ ಹೊಣೆ ಹೊತ್ತಿದ್ದವರು ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ. ಕಾರ್ಗಿಲ್ ಮತ್ತು ದ್ರಾಸ್ ಶತ್ರುಗಳ ವಶವಾಗಿ, ಶ್ರೀನಗರದಿಂದ ಲಡಾಖಿಗೆ ಹೋಗುವ ಒಂದೇ ದಾರಿ ಕಡಿದುಹೋಗಿತ್ತು. ಲೇಹ್ ಪಟ್ಟಣದಲ್ಲಿದ್ದದ್ದು ಹಿಡಿಯಷ್ಟು ಸೈನಿಕರು. ಅಲ್ಲಿಗೆ ವಿಮಾನ ಎಂದೂ ಹೋಗಿರಲಿಲ್ಲ. ಇಂಜಿನಿಯರ್ ಸೋನಮ್ ನೊರ್ಬು ಸ್ಥಳೀಯರ ನೆರವಿನಿಂದ ಸಿಂಧೂ ಕಣಿವೆಯ ಮರಳು-ಕಲ್ಲಿನ ಮೇಲೆ ಒಂದು ಓಟದಾರಿ ಸಮ ಮಾಡಿದ್ದರು, ಅಷ್ಟೆ. ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ತಮ್ಮ ಡಕೋಟಾ ವಿಮಾನವನ್ನು ಹಿಮಾಲಯದ ಶಿಖರಗಳ ಮೇಲಿಂದ ಹಾರಿಸಿ ಆ ಓಟದಾರಿಯಲ್ಲಿ ಇಳಿಸಿದರು. ಸಮುದ್ರಮಟ್ಟದಿಂದ 11 ಸಾವಿರ ಅಡಿಗೂ ಎತ್ತರದ ಜಾಗ ಅದು. ಆ ಮೊದಲ ವಿಮಾನದಲ್ಲಿ ಪ್ರಯಾಣಿಕರಾಗಿದ್ದವರು ತಿಮ್ಮಯ್ಯ. ಅಪಾಯದ ಕೆಲಸಕ್ಕೆ ಮೊದಲು ತಾನು, ಆಮೇಲೆ ತನ್ನ ಜವಾನ ಎಂಬುದು ಅವರ ರೂಢಿ. ಬೆನ್ನಿಗೇ ಗೂರ್ಖಾ ಸೈನಿಕರು ವಿಮಾನಗಳಲ್ಲಿ ಬಂದಿಳಿದರು. ಲೇಹ್ ಉಳಿಯಿತು.

ಆದರೆ ವಿಮಾನದ ಆಸರೆಯಲ್ಲಿ ಲಡಾಖನ್ನು ಎಷ್ಟು ದಿನ ಹಿಡಿದಿಡುವುದು? ನೆಲದ ದಾರಿ ಬೇಕಿತ್ತು. ಆ ದಾರಿಗೆ ಅಡ್ಡವಾಗಿದ್ದದ್ದು ಜೋಜಿ ಲಾ, ಸುಮಾರು 11,500 ಅಡಿ ಎತ್ತರದ ಕಣಿವೆ ಮಾರ್ಗ. ಎರಡೂ ಬದಿಯ ಬಂಡೆಗಳ ಗವಿಗಳಲ್ಲಿ ಶತ್ರುವಿನ ಮೆಷಿನ್‌ಗನ್‌ಗಳು ಕುಳಿತಿದ್ದವು. ಸೆಪ್ಟೆಂಬರಿನಲ್ಲಿ ಕಾಲ್ದಳ ನಡೆಸಿದ ದಾಳಿಗಳು ವಿಫಲವಾದವು, ಸಾಕಷ್ಟು ಸಾವುನೋವಾಯಿತು. ಅದೇ ಸೆಪ್ಟೆಂಬರಿನಲ್ಲಿ, 13ರಿಂದ 17ರವರೆಗೆ, ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದ ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿ, ರಜಾಕಾರರ ಹಾವಳಿಯಿಂದ ಕಲಬುರಗಿ, ಬೀದರ, ರಾಯಚೂರುಗಳನ್ನು ಬಿಡಿಸಿತು. ಕಲಬುರಗಿ ಸೀಮೆಯ ಕಾಗಿಣಾ ನದಿ ತೀರದ ಹಳ್ಳಿಗಳು ಬಿಡುಗಡೆಯ ಉಸಿರು ಬಿಡುತ್ತಿದ್ದ ದಿನಗಳಲ್ಲೇ ಜೋಜಿ ಲಾ ಮುಂದೆ ಸೈನಿಕರು ಹಿಮದಲ್ಲಿ ಕುಳಿತು ಇನ್ನೊಂದು ಉಪಾಯಕ್ಕೆ ಕಾಯುತ್ತಿದ್ದರು.

ಉಪಾಯ ಎಂದರೆ ಟ್ಯಾಂಕುಗಳು. ಅಷ್ಟು ಎತ್ತರದಲ್ಲಿ ಟ್ಯಾಂಕು ಬಳಸಿದ ಉದಾಹರಣೆ ಜಗತ್ತಿನ ಯಾವ ಯುದ್ಧದಲ್ಲೂ ಇರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಇದ್ದದ್ದು ದೂರದ ಜಮ್ಮು ಕಡೆಯಲ್ಲಿ. ನಡುವೆ ಬನಿಹಾಲ್ ಘಟ್ಟ, ಭಾರ ತಾಳದ ಸೇತುವೆಗಳು. ತೂಕ ಇಳಿಸಲೆಂದೂ ಗುರುತು ಸಿಗಬಾರದೆಂದೂ ಟ್ಯಾಂಕುಗಳ ತೋಪಿನ ಗೋಪುರಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಿದರು. ಶ್ರೀನಗರದಲ್ಲಿ ಕರ್ಫ್ಯೂ ಹಾಕಿ, ಜನರ ಕಣ್ಣಿಗೆ ಬೀಳದಂತೆ ದಾಟಿಸಿದರು. ಬಾಲ್ತಾಲ್‌ನಿಂದ ಮೇಲೆ ಇದ್ದದ್ದು ಹೇಸರಗತ್ತೆ ಹೋಗುವ ಕಾಲುದಾರಿ. ಅದನ್ನು ಅಗೆದು, ಬಂಡೆ ಸಿಡಿಸಿ, ಟ್ಯಾಂಕು ಹೋಗುವ ರಸ್ತೆ ಮಾಡಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಅವರ ಕೇಂದ್ರ ಸ್ಥಾನ ಬೆಂಗಳೂರಿನ ಹಲಸೂರು ಕೆರೆಯ ದಂಡೆ. ಹಿಮ ಕಂಡರಿಯದ ದಕ್ಷಿಣದ ಹುಡುಗರು ಶತ್ರುವಿನ ಗುಂಡಿನ ವ್ಯಾಪ್ತಿಯಲ್ಲಿ, ಕೊರೆಯುವ ಚಳಿಯಲ್ಲಿ ಗುದ್ದಲಿ ಹಿಡಿದು ಮಾಡಿದ ಆ ಕೆಲಸ ಗೆಲುವಿನ ಅರ್ಧ ಪಾಲು ಎನ್ನಬೇಕು. ಕದನಗಳ ಕಥೆ ಹೇಳುವಾಗ ರಸ್ತೆ ಮಾಡಿದವರ ಹೆಸರು ಮರೆತುಹೋಗುತ್ತದೆ, ಹಾಗಾಗಬಾರದು.

ನವೆಂಬರ್ 1ರಂದು, ಹಿಮ ಉದುರುತ್ತಿರುವಾಗ, ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ಡಿವಿಷನ್ನಿನ ನಾಯಕರಾದ ತಿಮ್ಮಯ್ಯ ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ಮೇಜರ್ ಜನರಲ್ ದರ್ಜೆಯವರು ಇರಬೇಕಾದ ಜಾಗ ಅದಲ್ಲ. ಆದರೆ ಎರಡು ಬಾರಿ ಸೋತು ಹಿಂದಿರುಗಿದ್ದ ಸೈನಿಕರಿಗೆ ನಾಯಕ ಎಲ್ಲಿದ್ದಾನೆ ಎಂಬುದು ಯಾವ ಭಾಷಣಕ್ಕಿಂತಲೂ ದೊಡ್ಡ ಧೈರ್ಯ. ಆ ಎತ್ತರದಲ್ಲಿ ಟ್ಯಾಂಕಿನ ಸದ್ದು ಶತ್ರು ನಿರೀಕ್ಷಿಸಿರಲಿಲ್ಲ. ಗವಿಗಳ ಬಾಯಿಗೇ ಗುಂಡು ಬಿದ್ದಾಗ ಅವರು ಜಾಗ ಬಿಟ್ಟು ಓಡಿದರು. ಸಂಜೆಯ ಹೊತ್ತಿಗೆ ಜೋಜಿ ಲಾ ಭಾರತದ ಕೈಗೆ ಬಂತು. ನವೆಂಬರ್ ಮಧ್ಯದಲ್ಲಿ ದ್ರಾಸ್, ತಿಂಗಳು ಮುಗಿಯುವ ಮೊದಲೇ ಕಾರ್ಗಿಲ್ ವಶವಾಗಿ, ಲೇಹ್ ಕಡೆಯಿಂದ ಬಂದ ಪಡೆಯ ಜೊತೆ ಸಂಪರ್ಕ ಬೆಸೆಯಿತು. 1949ರ ಜನವರಿ 1ಕ್ಕೆ ಕದನವಿರಾಮ. ಇಂದು ಲಡಾಖ್ ಭಾರತದಲ್ಲಿ ಇರುವುದಕ್ಕೆ ಆ ನವೆಂಬರಿನ ಋಣ ದೊಡ್ಡದು.

ಐದು ವರ್ಷಗಳ ಬಳಿಕ ಅವರಿಗೆ ಒಂದು ಗುಂಡೂ ಹಾರಿಸದೆ ಗೆಲ್ಲಬೇಕಾದ ಕೆಲಸ ಬಂತು. ಕೊರಿಯಾ ಯುದ್ಧ 1953ರ ಜುಲೈ 27ರಂದು ನಿಂತಿತು. ಸೆರೆಸಿಕ್ಕ ಸಾವಿರಾರು ಜನ ತಮ್ಮ ದೇಶಕ್ಕೆ ಮರಳುವುದಿಲ್ಲ ಎಂದು ಕುಳಿತಿದ್ದರು. ವಿಶ್ವಸಂಸ್ಥೆಯ ಕಡೆ ಸೆರೆಯಲ್ಲಿದ್ದ ಚೀನಿ ಮತ್ತು ಉತ್ತರ ಕೊರಿಯಾದ ಇಂಥ ಸೈನಿಕರು 22 ಸಾವಿರಕ್ಕೂ ಹೆಚ್ಚು, ಎದುರು ಕಡೆಯಲ್ಲಿ 359 ಜನ. ಇವರ ಇಷ್ಟವನ್ನು ನಿರ್ಭಯವಾಗಿ ತಿಳಿದುಕೊಳ್ಳಲು ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತದ ಒಂದು ತಟಸ್ಥ ಆಯೋಗ ರಚನೆಯಾಯಿತು. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯುವ ಭಾರತೀಯ ಪಡೆಯ ನಾಯಕರು ಕಾಂಗಾವ್‌ನ ಜೊತೆಗಾರ ಥೋರಾತ್.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು. ಸೈನಿಕರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿಕೊಂಡು ಹೋಗಿ ಸೈನ್ಯರಹಿತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಡೇರೆಗಳ ‘ಹಿಂದ್ ನಗರ’ ಎದ್ದಿತು. ಸೆರೆಶಿಬಿರದಲ್ಲಿ ಒಂದು ದಿನ ಕೈದಿಗಳು ಭಾರತದ ಒಬ್ಬ ಮೇಜರನ್ನು ಒಳಗೆ ಎಳೆದುಕೊಂಡು ಒತ್ತೆಯಾಗಿ ಇಟ್ಟುಕೊಂಡರು. ಗುಂಡು ಹಾರಿಸಿದ್ದರೆ ನೂರಾರು ಹೆಣ ಬೀಳುತ್ತಿತ್ತು, ಆಯೋಗದ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಥೋರಾತ್ ಆಯುಧವಿಲ್ಲದೆ ಒಳಗೆ ಹೋದರು, ಕೈದಿಗಳ ನಡುವೆ ಕುಳಿತು ಮಾತಾಡಿದರು, ಮೇಜರನ್ನು ಬಿಡಿಸಿಕೊಂಡು ಹೊರಬಂದರು. ಇಡೀ ಕೊರಿಯಾ ಕಾರ್ಯಾಚರಣೆಯ ರೀತಿಯೇ ಅದಾಗಿತ್ತು. ಆಯೋಗದೊಳಗೆ ಎರಡು ಬಣದ ನಾಲ್ಕು ದೇಶಗಳು ಒಂದಕ್ಕೊಂದು ವಿರುದ್ಧ. ಪ್ರತಿ ನಿರ್ಣಯದ ಭಾರವೂ ಅಧ್ಯಕ್ಷರ ಮೇಲೆ ಬೀಳುತ್ತಿತ್ತು, ಎರಡೂ ಕಡೆಯವರು ಸರದಿಯಂತೆ ಅವರನ್ನು ಬೈಯುತ್ತಿದ್ದರು. ತಿಮ್ಮಯ್ಯ ನಿಯಮ ಬಿಡಲಿಲ್ಲ, ನಗೆಮುಖವನ್ನೂ ಬಿಡಲಿಲ್ಲ. 1954ರ ಜನವರಿಯಲ್ಲಿ ಕೈದಿಗಳನ್ನು ಆಯಾ ಪಕ್ಷಕ್ಕೆ ಹಿಂದಿರುಗಿಸಿ ಆಯೋಗ ಕೆಲಸ ಮುಗಿಸಿತು. ಎರಡೂ ಕಡೆಗೆ ಹೋಗಲೊಪ್ಪದ 88 ಜನರನ್ನು ಭಾರತ ತನ್ನ ಜೊತೆ ಕರೆತಂದಿತು. ಆ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು. ಕೊರಿಯಾದ ಅವರ ದಿನಚರಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ, 1981ರಲ್ಲಿ, ಪುಸ್ತಕವಾಗಿ ಅಚ್ಚಾಯಿತು.

1957ರ ಮೇ ತಿಂಗಳಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಕಾರ್ಯಪ್ಪನವರ ನಂತರ ಆ ಸ್ಥಾನಕ್ಕೇರಿದ ಎರಡನೆಯ ಕೊಡಗಿನವರು. ಅದು ಚೀನಾ ಗಡಿಯಲ್ಲಿ ಮೋಡ ಕವಿಯುತ್ತಿದ್ದ ಕಾಲ. ಸೇನೆಗೆ ಆಯುಧ, ರಸ್ತೆ, ಚಳಿಯ ಬಟ್ಟೆ ಎಲ್ಲದರ ಕೊರತೆ. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಂದಿಗೆ ಬಡ್ತಿಯ ವಿಷಯಗಳಲ್ಲೂ ಕೆಲಸದ ರೀತಿಯಲ್ಲೂ ಭಿನ್ನಾಭಿಪ್ರಾಯ ಬೆಳೆಯಿತು. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ನೆಹರೂ ಕರೆದು ಮಾತಾಡಿ, ಹಿಂತೆಗೆದುಕೊಳ್ಳುವಂತೆ ಒಪ್ಪಿಸಿದರು. ಸುದ್ದಿ ಅಷ್ಟರಲ್ಲಿ ಪತ್ರಿಕೆಗೆ ಸಿಕ್ಕಿತ್ತು, ಸಂಸತ್ತಿನಲ್ಲಿ ಕೋಲಾಹಲವಾಯಿತು. ನಾಗರಿಕ ಸರ್ಕಾರವೇ ಮೇಲು ಎಂಬುದನ್ನು ನೆಹರೂ ಸದನದಲ್ಲಿ ಒತ್ತಿ ಹೇಳಿದರು. ಆ ಹೇಳಿಕೆಯಲ್ಲಿ ಜನರಲ್ ಅವರ ಮೇಲಿನ ಆಕ್ಷೇಪದ ದನಿಯೂ ಇತ್ತು.

ರಾಜೀನಾಮೆಯನ್ನು ಹಿಂದಕ್ಕೆ ಪಡೆದದ್ದು ಸರಿಯೇ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಹಟಕ್ಕೆ ನಿಂತಿದ್ದರೆ ಸೇನೆಯ ಕೊರತೆಗಳು ಮೂರು ವರ್ಷ ಮೊದಲೇ ಬಯಲಾಗುತ್ತಿದ್ದವು ಎನ್ನುವವರಿದ್ದಾರೆ. ಆದರೆ ಅದೇ ವರ್ಷಗಳಲ್ಲಿ ಅಕ್ಕಪಕ್ಕದ ಪಾಕಿಸ್ತಾನ, ಬರ್ಮಾಗಳಲ್ಲಿ ಸೇನಾಪತಿಗಳು ಅಧಿಕಾರ ಹಿಡಿದಿದ್ದನ್ನು ನೆನೆದರೆ, ಅಪಾರ ಜನಪ್ರಿಯತೆಯಿದ್ದ ಒಬ್ಬ ಜನರಲ್ ಪ್ರಧಾನಿಯ ಮಾತಿಗೆ ಮಣಿದು ತನ್ನ ಮೇಜಿಗೆ ಮರಳಿದ್ದರ ಬೆಲೆ ತಿಳಿಯುತ್ತದೆ. ಮಾನ ಕಳೆದುಕೊಂಡರೂ ಅವರು ಸಂವಿಧಾನದ ಗೆರೆ ದಾಟಲಿಲ್ಲ. 1961ರ ಮೇ ತಿಂಗಳಲ್ಲಿ, 35 ವರ್ಷಗಳ ಸೇವೆಯ ನಂತರ, ನಿವೃತ್ತರಾದರು. 1962ರ ಜುಲೈಯಲ್ಲಿ ‘ಸೆಮಿನಾರ್’ ಪತ್ರಿಕೆಗೆ ಬರೆದ ಲೇಖನದಲ್ಲಿ, ಚೀನಾದೊಂದಿಗೆ ಒಂಟಿಯಾಗಿ ಪೂರ್ಣ ಯುದ್ಧಕ್ಕೆ ಇಳಿಯುವುದು ಭಾರತಕ್ಕೆ ಸಾಧ್ಯವಿಲ್ಲವೆಂದೂ, ಆ ಗಡಿಯ ಭದ್ರತೆಯನ್ನು ರಾಜಕಾರಣಿಗಳೂ ರಾಯಭಾರಿಗಳೂ ನೋಡಿಕೊಳ್ಳಬೇಕೆಂದೂ ನೇರವಾಗಿ ಹೇಳಿದರು. ಮೂರು ತಿಂಗಳಿಗೆ ಯುದ್ಧ ಬಂತು.

ಕೊಡಗಿಗೆ ಮರಳಿದ ತಿಮ್ಮಯ್ಯ ತೋಟಗಾರರ ಸಂಘಟನೆಯ ಕೆಲಸದಲ್ಲಿ ತೊಡಗಿದ್ದರು. ಆಗ ಸೈಪ್ರಸ್ ಉರಿಯುತ್ತಿತ್ತು. 1960ರಲ್ಲಿ ಸ್ವತಂತ್ರವಾದ ಆ ದ್ವೀಪದಲ್ಲಿ 1963ರ ಡಿಸೆಂಬರಿನಲ್ಲಿ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ಹಿಂಸಾಚಾರ ಎದ್ದಿತು. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಪಡೆ ಅಲ್ಲಿಗೆ ಹೋಯಿತು. ಅದರ ಮೊದಲ ನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಪಿ.ಎಸ್. ಗ್ಯಾನಿ, ಜುಲೈಯಿಂದ ತಿಮ್ಮಯ್ಯ. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಸೈನಿಕರು ಅವರ ಕೈಕೆಳಗಿದ್ದರು. ಅವರು ಅಧಿಕಾರ ವಹಿಸಿಕೊಂಡ ಮರುತಿಂಗಳೇ ವಾಯವ್ಯ ಕರಾವಳಿಯ ಕೊಕ್ಕಿನಾ ಎಂಬಲ್ಲಿ ಕಾಳಗ ಭುಗಿಲೆದ್ದು, ತುರ್ಕಿಯ ವಿಮಾನಗಳು ಬಾಂಬ್ ಹಾಕಿದವು. ಗ್ರೀಸ್ ಮತ್ತು ತುರ್ಕಿ ದೇಶಗಳ ಪೂರ್ಣ ಯುದ್ಧಕ್ಕೆ ಕೂದಲೆಳೆಯಷ್ಟೇ ಅಂತರ ಉಳಿದಿತ್ತು.

ಶಾಂತಿಪಾಲನಾ ಪಡೆಯ ಕೆಲಸ ಹೊರಗಿನಿಂದ ನೋಡುವವರಿಗೆ ಕಾಣುವುದೇ ಇಲ್ಲ. ನಿಕೋಸಿಯಾ ನಗರವನ್ನು ಸೀಳಿದ ‘ಹಸಿರು ರೇಖೆ’ಯ ಮೇಲೆ ಒಂದು ಮರಳುಚೀಲ ಮುಂದೆ ಬಂದರೂ ಅದಕ್ಕೊಂದು ಮಾತುಕತೆ. ಮುತ್ತಿಗೆಗೆ ಸಿಕ್ಕ ಹಳ್ಳಿಗೆ ಹಿಟ್ಟು, ಔಷಧ ಹೋಗಬೇಕು. ಬೆಳೆ ಕೊಯ್ಯಲು ರೈತ ಹೊಲಕ್ಕೆ ಹೋದರೆ ಕಾವಲಿಗೆ ನೀಲಿ ಟೋಪಿಯವರು ನಿಲ್ಲಬೇಕು. ಬಲ ಪ್ರಯೋಗಿಸುವ ಹಕ್ಕು ಆತ್ಮರಕ್ಷಣೆಗೆ ಮಾತ್ರ, ಉಳಿದದ್ದೆಲ್ಲ ನಂಬಿಕೆಯಿಂದಲೇ ನಡೆಯಬೇಕು. ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್ ಅವರ ಸರ್ಕಾರದವರೂ ತುರ್ಕಿ ಸಮುದಾಯದ ಮುಖಂಡರೂ ತಿಮ್ಮಯ್ಯನವರ ಮಾತು ಕೇಳುತ್ತಿದ್ದುದು ಅವರ ಕೈಯಲ್ಲಿ ಬಂದೂಕಿದೆ ಎಂದಲ್ಲ, ಅವರು ಯಾರ ಕಡೆಯವರೂ ಅಲ್ಲ ಎಂದು. ಜೋಜಿ ಲಾ ಗೆಲುವು ಅವರನ್ನು ಸೈನ್ಯದ ಚರಿತ್ರೆಯಲ್ಲಿ ನಿಲ್ಲಿಸಿತು. ಪರದೇಶದ ಜನರ ಮನಸ್ಸಿನಲ್ಲಿ ಅವರನ್ನು ಉಳಿಸಿದ್ದು ಈ ತಾಳ್ಮೆಯ ಕೆಲಸ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಕಷ್ಟದ್ದು. ಆ ಕೆಲಸದ ನಡುವೆಯೇ ಅವರು ಕೊನೆಯುಸಿರೆಳೆದರು.

ಸೇನಾನಿಯ ನೆನಪನ್ನು ನೆಲದಲ್ಲಿ ನೆಡುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗ ತನ್ನ ದಂಡನಾಯಕ ಬಂಕೆಯನ ಪರಾಕ್ರಮವನ್ನು ಕೊಣ್ಣೂರಿನ ಶಾಸನದಲ್ಲಿ ಬರೆಸಿದ. ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರ ಅದೇ ದಂಡನಾಯಕನ ಹೆಸರನ್ನು ಹೊತ್ತು ನಿಂತಿದೆ. ಹೆಸರಿಲ್ಲದ ಸಾವಿರಾರು ಯೋಧರಿಗೆ ಊರೂರ ವೀರಗಲ್ಲುಗಳಿವೆ. ತುರು ಕಾಯುವಾಗ ಸತ್ತವನಿಗೂ ಕಲ್ಲು ನಿಲ್ಲಿಸಿದ ನಾಡು ಇದು.

ತಿಮ್ಮಯ್ಯನವರ ಹೆಸರೂ ಹಾಗೆ ಹಲವೆಡೆ ನಿಂತಿದೆ. ಸೈಪ್ರಸ್ಸಿನ ಲಾರ್ನಕಾ ನಗರದ ಒಂದು ಮುಖ್ಯ ರಸ್ತೆಗೆ ಅವರ ಹೆಸರಿದೆ. ಬೆಂಗಳೂರಿನ ರಿಚ್ಮಂಡ್ ರಸ್ತೆ ಜನರಲ್ ತಿಮ್ಮಯ್ಯ ರಸ್ತೆಯಾಗಿದೆ. ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಕರ್ನಾಟಕ ಸರ್ಕಾರ ಯುವಜನರಿಗೆ ಬೆಟ್ಟ ಹತ್ತುವ, ನದಿಯಲ್ಲಿ ದೋಣಿ ನಡೆಸುವ ತರಬೇತಿ ಕೊಡುವ ಸಂಸ್ಥೆಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಎಂದು ಹೆಸರಿಟ್ಟಿದೆ. ಅವರು ಬಾಲ್ಯ ಕಳೆದ ಮಡಿಕೇರಿಯ ‘ಸನ್ನಿಸೈಡ್’ ಮನೆಯಲ್ಲಿ ಬಹಳ ಕಾಲ ಸಾರಿಗೆ ಇಲಾಖೆಯ ಕಚೇರಿ ಇತ್ತು. ಲೈಸೆನ್ಸಿಗೆ ಬಂದವರಲ್ಲಿ ಎಷ್ಟೋ ಜನರಿಗೆ ಅದು ಯಾರ ಮನೆ ಎಂಬುದೇ ಗೊತ್ತಿರಲಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನವರ ಒತ್ತಾಯ, ಸರ್ಕಾರದ ಅನುದಾನ, ಸೇನೆಯ ಸಹಕಾರ ಒಟ್ಟುಗೂಡಿ ಅದು ವಸ್ತುಸಂಗ್ರಹಾಲಯವಾಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಅಂಗಳದಲ್ಲಿ ಯುದ್ಧ ಟ್ಯಾಂಕು, ಹುತಾತ್ಮರ ಸ್ಮಾರಕ. ಒಳಗಿನ ಕೋಣೆಗಳಲ್ಲಿ ಮಡಿಕೇರಿಯ ಹುಡುಗ ಸೇನಾ ಮುಖ್ಯಸ್ಥನಾದ ಹಾದಿಯ ಚಿತ್ರಗಳು, ವಸ್ತುಗಳು.

ಕಲಬುರಗಿ ಜಿಲ್ಲೆಯ ಶಾಲೆಗಳು ಪ್ರತಿ ಡಿಸೆಂಬರಿನಲ್ಲಿ ಮಕ್ಕಳನ್ನು ಮೈಸೂರಿನ ಕಡೆಗೆ ಪ್ರವಾಸ ಕರೆದೊಯ್ಯುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಶಿಕ್ಷಕರು ಆ ಪ್ರವಾಸದಲ್ಲಿ ಮಡಿಕೇರಿಗೆ ಒಂದು ದಿನ ಸೇರಿಸಿ, ಸನ್ನಿಸೈಡ್ ಮನೆಯನ್ನು ಮಕ್ಕಳಿಗೆ ತೋರಿಸಬೇಕು. ಹೊರಡುವ ಮೊದಲು ಹೈದರಾಬಾದ್ ರೆಜಿಮೆಂಟಿನ ಕಥೆಯನ್ನು ತರಗತಿಯಲ್ಲಿ ಹೇಳಿ ಕರೆದೊಯ್ದರೆ ಇನ್ನೂ ಒಳ್ಳೆಯದು.